ಹಳೇಕೋಣೆಯ ಗುಳಿಗ

ಕರೆಯದೆ ಬಂದ ನೆಂಟರನ್ನು ಹೇಗಾದರೂ ಸಾಗಹಾಕಬಹುದು. ನಾವೇ ಕರೆದು ತಂದವರನ್ನು ಸಾಗಹಾಕುವುದು ಕಷ್ಟ. ಇದನ್ನು ನಾನು ನೆಂಟರಿಂದ ಕಲಿತದ್ದಲ್ಲ, ನನ್ನ ಮಾವನಿಂದ ಕಲಿತದ್ದು.

ಮಾವ ಅಂದರೆ ರುಕ್ಮಯ್ಯ ಮಾಸ್ಟ್ರು. ವಾಮದಪದವಿನಿಂದ ವೇಣೂರಿನ ಕಡೆಗೆ ಹೋಗುವಾಗ ಕೆಂಪು ಮುರಕಲ್ಲಿನ ಒಂದು ಬೋಳು ಪದವು, ಅಂದರೆ ಗುಡ್ಡದ ತಲೆಯ ಬಯಲು, ಸಿಗುತ್ತದೆ, ಅಲ್ಲಿ ನಮ್ಮೂರ ಶಾಲೆ. ಮಾವ ಕಲಿತದ್ದೂ ಅಲ್ಲಿ, ಕಲಿಸಿದ್ದೂ ಅಲ್ಲಿ, ಪಿಂಚಣಿ ಆದದ್ದೂ ಅಲ್ಲಿಂದಲೇ. ಈಗ ಅಲ್ಲಿ ಉದ್ದದ ಹೆಂಚಿನ ಕಟ್ಟಡ ಉಂಟು. ಆದರೆ ಅಂಗಳದ ಎದುರಿಗೇ, ಹಾಲೆಮರದ ಬುಡದಲ್ಲಿ, ಒಂದೇ ಒಂದು ಕೋಣೆ ಬೇರೆ ನಿಂತಿದೆ. ಅದನ್ನು ಕಟ್ಟಿಸಿದವರು ಮಾವನ ಅಪ್ಪ. ಊರವರು ಮುರಕಲ್ಲು ತಲೆಯಲ್ಲಿ ಹೊತ್ತು ತಂದು ಗೋಡೆ ಎಬ್ಬಿಸಿ, ಮುಳಿಹುಲ್ಲು ಹೊದಿಸಿದ್ದಂತೆ. ಒಂದು ಕಾಲದಲ್ಲಿ ಅದೇ ಇಡೀ ಶಾಲೆ. ನಾನು ಹೇಳುವ ಕಾಲಕ್ಕೆ ಅದರಲ್ಲಿ ಒಂದನೇ ಕ್ಲಾಸು ಮಾತ್ರ ಕೂರುತ್ತಿತ್ತು. ಮಕ್ಕಳು ನೆಲದಲ್ಲಿ ಹೊಯಿಗೆ ಹರಡಿ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಎಲ್ಲರ ಬಾಯಲ್ಲಿ ಅದರ ಹೆಸರು ಹಳೇಕೋಣೆ.

ನಮ್ಮ ಜಿಲ್ಲೆ ಮದ್ರಾಸು ಬಿಟ್ಟು ಮೈಸೂರಿಗೆ ಸೇರಿ ನಾಲ್ಕೈದು ವರ್ಷ ಆಗಿತ್ತು. ಊರೂರಿಗೆ ಹೈಸ್ಕೂಲು ಬರುವ ಗೌಜಿ. ನನ್ನ ಗಂಡ ಲೋಕನಾಥರಿಗೆ ವಾಮದಪದವಿನಲ್ಲಿ ಜಿನಸಿನ ಅಂಗಡಿ, ಶಾಲೆಯ ಕಮಿಟಿಗೆ ಸೆಕ್ರೆಟರಿಯೂ ಅವರೇ. ಬೇಸಗೆ ರಜೆ ಸುರುವಾದ ವಾರ ಒಂದು ಮಧ್ಯಾಹ್ನ ಗಂಜಿಗೆ ಕೂತವರು ಸುದ್ದಿ ತೆಗೆದರು.

"ಅಪ್ಪ, ಹಳೇಕೋಣೆ ಹೋಗ್ಬೇಕು. ಕಮಿಟಿಯಲ್ಲಿ ನಿಶ್ಚಯ ಆಯ್ತು."

"ಹೋಗ್ಲಿಕ್ಕೆ ಅದಕ್ಕೆ ಕಾಲುಂಟಾ?" ಅಂದರು ಮಾವ, ಹುರುಳಿ ಚಟ್ನಿ ನೆಕ್ಕುತ್ತಾ.

"ತಮಾಷೆ ಅಲ್ಲ. ಹೈಸ್ಕೂಲು ಬೇಕಾದ್ರೆ ಆಟದ ಅಂಗಳ ತೋರಿಸ್ಬೇಕು. ಆ ಕೋಣೆ ನಟ್ಟ ನಡುವೆ ಉಂಟು. ಅದರ ಕಲ್ಲು, ಮರ ಎಲ್ಲ ಹೊಸ ಕಟ್ಟಡಕ್ಕೆ ಆಗ್ತದೆ. ಮೂಸಬ್ಬನಿಗೆ ಕೆಡಹ್ಲಿಕ್ಕೆ ಹೇಳಿಯೂ ಆಯ್ತು."

"ನನ್ನ ಅಪ್ಪ ಕಟ್ಟಿದ್ದು ಅದು."

"ನಿಮ್ಮ ಅಪ್ಪ ಮಕ್ಕಳಿಗೆ ಅಂತ ಕಟ್ಟಿದ್ದಲ್ವಾ? ಎಂಟನೇ ಕ್ಲಾಸು ಕಳೆದ ಮೇಲೆ ಗಂಡುಮಕ್ಕಳು ಮೂಡಬಿದ್ರೆಗೆ ನಡೀತಾರೆ, ಹೆಣ್ಣುಮಕ್ಕಳು ಬೀಡಿ ಎಲೆ ಕತ್ತರಿಸ್ತಾ ಕೂರ್ತಾರೆ. ನಾಳೆ ನಮ್ಮ ವಾರಿಜಳದ್ದೂ ಅದೇ ಕತೆ. ಅದು ನಿಮಗೆ ಬೇಡ?"

ಸುಳ್ಳು ಯಾಕೆ ಹೇಳಬೇಕು, ನನಗೆ ಇವರ ಮಾತೇ ಸರಿ ಕಂಡಿತು. ನಾನೂ ಬೀಡಿ ಎಲೆ ಕತ್ತರಿಸಿದವಳೇ. ಆದರೆ ಮಾವ ಅರ್ಧ ಗಂಜಿ ಬಿಟ್ಟು ಎದ್ದರು. ಅತ್ತೆ ಕಾವೇರಮ್ಮ ಬಾಗಿಲ ಹತ್ತಿರ ನಿಂತು, "ಉಣ್ಣುವ ಬಾಯಿಗೆ ಕಲ್ಲು ಹಾಕಿದಿಯಲ್ಲ ಮಗಾ" ಅಂದರು. ಅವತ್ತಿನಿಂದ ಅಪ್ಪ ಮಗ ಒಟ್ಟಿಗೆ ಕೂತು ಉಣ್ಣಲಿಲ್ಲ. ಎರಡೆರಡು ಸಲ ಬಡಿಸುವ ಕರ್ಮ ನನಗೆ.

ಮಾವ ಕಮಿಟಿಯ ಒಬ್ಬೊಬ್ಬರ ಮನೆಗೂ ಹೋದರು. ಎಲ್ಲ ಅವರ ಕೈಯಲ್ಲೇ ಪೆಟ್ಟು ತಿಂದು ಕಲಿತವರು. ಬೆಲ್ಲ ನೀರು ಕೊಟ್ಟು, "ಮಾಸ್ಟ್ರೇ, ಕಾಲ ಬದಲಾಯ್ತು" ಅಂದು ಕಳಿಸಿದರು. ಮಾವ ಬಂದು ಜಗಲಿಯಲ್ಲಿ ಕೂತರೆ ಹತ್ತಿರ ಹೋಗುವ ಧೈರ್ಯ ನಮಗಿಲ್ಲ. ವಾರಿಜ ಮಾತ್ರ ಅವರ ತೊಡೆ ಹತ್ತಿ ಬಿಡುತ್ತಿದ್ದಳು. ನನಗೆ ಇದ್ದದ್ದು ಅದೊಂದೇ ಮಗು, ಜೂನಿಗೆ ಒಂದನೇ ಕ್ಲಾಸು.

ನಾನು ಆ ವಾರ ಮಾವಿನ ಮಿಡಿ ಉಪ್ಪಿಗೆ ಹಾಕಿದ್ದೆ. ಭರಣಿಯಲ್ಲಿ ಮಿಡಿ ತುಂಬಿ, ಮೇಲೆ ಹಲಗೆ ಇಟ್ಟು, ಹಲಗೆಯ ಮೇಲೊಂದು ಕರಿ ಗುಂಡುಕಲ್ಲು ಹೇರಿಸುವುದು ನಮ್ಮ ಕ್ರಮ. ಹೊಳೆಯಿಂದ ಅತ್ತೆಯ ಅತ್ತೆ ತಂದ ಕಲ್ಲಂತೆ ಅದು, ಉಪ್ಪು ಕುಡಿದು ಕುಡಿದು ಮಿರಿಮಿರಿ ಮಿಂಚುತ್ತಿತ್ತು. ಒಂದು ಬೆಳಿಗ್ಗೆ ನೋಡುತ್ತೇನೆ, ಕಲ್ಲು ಇಲ್ಲ. ಮಿಡಿ ಎಲ್ಲ ಮೇಲೆ ತೇಲಿದೆ, ಇನ್ನು ಬೂಸಲು ಹಿಡಿಯುವುದೇ. ಅಂಗಳದಲ್ಲಿ ಮಾವ ಕೈಕಾಲು ತೊಳೆಯುತ್ತಿದ್ದರು, ಹೆಗಲಿನ ಬೈರಾಸು ಒದ್ದೆ, ಅದರಲ್ಲಿ ಉಪ್ಪಿನ ಕಲೆ.

"ಮಾವ, ನನ್ನ ಉಪ್ಪಿನಕಾಯಿ ಕಲ್ಲು ನೀವು ತೆಗೆದದ್ದಾ?"

"ಮೆಲ್ಲಗೆ ಮಾತಾಡು ಪದ್ಮಾಕ್ಷಿ."

"ಮೆಲ್ಲಗೆ ಎಂತಕ್ಕೆ? ಮಿಡಿ ಹಾಳಾಯ್ತು."

ಅವರು ಹತ್ತಿರ ಬಂದರು. "ವಾರಿಜ ಆ ಕೋಣೆಯಲ್ಲಿ ಕೂತು ಹೊಯಿಗೆಯಲ್ಲಿ ಅ ಬರೆಯುವುದನ್ನು ನಾನು ನೋಡ್ಬೇಕು. ಅಷ್ಟೇ ನನಗೆ ಬೇಕಾದದ್ದು. ಈ ಮಳೆಗಾಲ ದಾಟಿದ್ರೆ ಕಮಿಟಿಯವರ ಬಿಸಿ ಇಳೀತದೆ. ಮತ್ತೆ ನಾನೇ ಕಲ್ಲು ತಂದು ಕೊಡ್ತೇನೆ. ನೀನು ಬಾಯಿ ಮುಚ್ಚಿಕೊಂಡಿರು ಮಗಳೇ."

ನನಗೆ ತಲೆಬುಡ ಅರ್ಥವಾಗಲಿಲ್ಲ. ತಿಂಡಿಗೆ ಕೂತಾಗ ಅರ್ಥವಾಯಿತು. ಮಾವ ನೀರುದೋಸೆಯ ಎದುರು ಕೈ ಮುಗಿದು ಹೇಳಿದರು: "ಕಾವೇರಿ, ನನಗೆ ಕನಸಾಯ್ತು. ಹಾಲೆಮರದ ಬುಡದಲ್ಲಿ ಗುಳಿಗ ಉಂಟು. ಕೋಣೆಗೆ ಕೈ ಹಾಕಿದ್ರೆ ಊರನ್ನು ಉಳಿಸುವುದಿಲ್ಲ ಅಂತ ಹೇಳಿತು. ಹೋಗಿ ನೋಡಿದ್ರೆ ಕಲ್ಲು ಭೂಮಿಯಿಂದ ಎದ್ದುಂಟು."

ಅತ್ತೆಯ ಕೈಯ ಸಟ್ಟುಗ ಹಾಗೆಯೇ ನಿಂತಿತು. ಗುಳಿಗ ಅಂದರೆ ನಮ್ಮ ಕಡೆ ಹೆಸರು ಹೇಳುವುದಕ್ಕೂ ದನಿ ತಗ್ಗಿಸುವ ದೈವ. ಅಂಗಡಿಗೆ ಹೊರಟು ಬಾಗಿಲಲ್ಲಿ ನಿಂತಿದ್ದ ಇವರು ಮಾತ್ರ ನಕ್ಕರು. "ಒಲ್ಲದ ಗಂಡನಿಗೆ ಮೊಸರಲ್ಲಿ ಕಲ್ಲು ಸಿಕ್ಕಿತಂತೆ. ಭೂತ ಗೀತ ಎಲ್ಲ ಬುರುಡೆ. ನಾಡಿದ್ದು ಮೂಸಬ್ಬ ಬರ್ತಾನೆ, ಕಲ್ಲನ್ನೂ ತೆಗೀತಾನೆ, ಕೋಣೆಯನ್ನೂ ತೆಗೀತಾನೆ."

ನನಗೂ ನಗು ಬಂತು. ನನ್ನ ಉಪ್ಪಿನಕಾಯಿ ಕಲ್ಲು ಗುಳಿಗ ಆದದ್ದಕ್ಕೆ ನಗದೆ ಮತ್ತೆಂತ ಮಾಡುವುದು? ಸೆರಗು ಬಾಯಿಗೆ ಇಟ್ಟುಕೊಂಡು ಒಲೆಯ ಕಡೆ ತಿರುಗಿದೆ.

ಮೂಸಬ್ಬ ಕೆಲಸದವರನ್ನು ಕರೆದುಕೊಂಡು ಬಂದ ದಿನ ನಾನು ಪದವಿನಲ್ಲಿ ತರಗೆಲೆ ಗುಡಿಸುತ್ತಿದ್ದೆ. ಮೂಸಬ್ಬ ಮರದ ವ್ಯಾಪಾರಿ, ಹಳೇ ಮನೆ ಕೆಡಹಿ ಮರ ಮಾರುವುದು ಅವರ ಕಸುಬು. ಕೆಲಸದವರು ಹಾಲೆಮರದ ಬುಡ ನೋಡಿದರು. ಅಷ್ಟರಲ್ಲಿ ಯಾರೋ ಕಲ್ಲಿಗೆ ಕೇಪುಳ ಹೂ ಇಟ್ಟಿದ್ದರು, ಎಳನೀರೂ ಕೆತ್ತಿ ಇಟ್ಟಿದ್ದರು. ಒಬ್ಬೊಬ್ಬರೇ ಹಾರೆ ನೆಲಕ್ಕೆ ಇಟ್ಟರು.

"ಲೋಕನಾಥಣ್ಣ, ಇದು ನನ್ನಿಂದಾಗುವ ಕೆಲಸ ಅಲ್ಲ" ಅಂದರು ಮೂಸಬ್ಬ.

"ನಿಮಗೆಂತ ಭೂತ ಮೂಸಬ್ಬ? ನೀವು ಮಸೀದಿಗೆ ಹೋಗುವವರು."

"ಮಸೀದಿಗೆ ಹೋಗುವವನಿಗೂ ಬೆನ್ನು ಒಂದೇ ಅಲ್ವಾ. ಮುರಿದ್ರೆ ನೋಯುವುದು ನನಗೇ. ನಿಮ್ಮವರ ಹತ್ರ ಮೊದಲು ಕೇಳಿ ಸರಿ ಮಾಡ್ಕೊಳ್ಳಿ, ಮತ್ತೆ ನೋಡುವ."

ಅವರು ಹೋದರು. ಇವರು ಮನೆಗೆ ಬಂದವರೇ ಮಾವನ ಎದುರು ನಿಂತರು. "ಇದು ನಿಮ್ಮದೇ ಕೆಲಸ ಅಂತ ನನಗೆ ಗೊತ್ತುಂಟು."

"ಹಾಗಾದ್ರೆ ನೀನೇ ಹೋಗಿ ಕಿತ್ತು ಬಿಸಾಡು. ನಂಬಿಕೆ ಇಲ್ಲದವನಿಗೆ ಹೆದರಿಕೆ ಎಂತದ್ದು?"

ಇವರು ಹೋಗಲಿಲ್ಲ. "ಊರವರ ಎದುರು ಯಾಕೆ ಗಲಾಟೆ" ಅಂದರು. ಮಾವ ಆ ರಾತ್ರಿಯ ಊಟಕ್ಕೆ ಇನ್ನೊಂದು ಸಲ ಅನ್ನ ಹಾಕಿಸಿಕೊಂಡರು, ನನ್ನ ಕಡೆ ಕಳ್ಳನಗೆ ಬೇರೆ. ನನಗೂ ಒಳಗೊಳಗೆ ಖುಷಿಯೇ ಆಯಿತು, ಮುದುಕರು ಉಣ್ಣುತ್ತಾರಲ್ಲ ಅಂತ. ಖುಷಿ ಅದೇ ಕೊನೆ.

ಕಮಿಟಿಯವರು ಪ್ರಶ್ನೆ ಇಡಿಸಿದರು. ಜೋಯಿಸರು ಬಂದು, ಹಳೇಕೋಣೆಯ ಜಗಲಿಯಲ್ಲೇ ಮಣೆ ಹಾಕಿ ಕೂತು ಕವಡೆ ಮಗುಚಿದರು. ಕಳ್ಳತನ ಈಗ ಹೊರಗೆ ಬೀಳುತ್ತದೆ ಅಂತ ನಾನು ಎಣಿಸಿದೆ. ಜೋಯಿಸರು ತುಂಬ ಹೊತ್ತು ನೋಡಿ, "ಸಾನ್ನಿಧ್ಯ ಉಂಟು" ಅಂದರು. "ಇಂದು ನಿನ್ನೆಯದ್ದಲ್ಲ. ಶಾಲೆಗಿಂತ ಮೊದಲಿನದ್ದು. ಇಷ್ಟು ವರ್ಷ ಮಕ್ಕಳ ಎಂಜಲು, ಉಗುಳು, ಮೈಲಿಗೆ ತಡೆದುಕೊಂಡು ಕೂತಿತ್ತು. ಇನ್ನು ತಡೆಯುವುದಿಲ್ಲ."

"ಹಾಗಾದ್ರೆ ಕೋಣೆ?" ಅಂದರು ಇವರು.

"ಕೆಡಹಬಾರದು. ಆದರೆ ಅದರೊಳಗೆ ಮಕ್ಕಳು ಕಾಲಿಡಬಾರದು. ಬೀಗ ಹಾಕಿ. ಸಂಕ್ರಮಣಕ್ಕೊಂದು ದೀಪ ಇಡಿ."

ನಾನು ಮಾವನ ಮುಖ ನೋಡಿದೆ. ಇಲ್ಲ ಅನ್ನಬೇಕಾದರೆ ಊರಿನ ಎದುರು ದೈವದ ಹೆಸರಲ್ಲಿ ಸುಳ್ಳು ಹೇಳಿದೆ ಅನ್ನಬೇಕು. ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ. ಅವರು ಸಣ್ಣ ದನಿಯಲ್ಲಿ, "ಆಗಬಹುದು" ಅಂದರು.

ಮನೆಗೆ ಬರುವ ದಾರಿಯಲ್ಲಿ ನಾನು ಕೇಳಿದೆ. "ಈಗ ವಾರಿಜ ಎಲ್ಲಿ ಕೂತು ಬರೆಯುವುದು ಮಾವ?"

"ನನ್ನ ಹತ್ರ ಬೀಗದ ಕೈ ಉಂಟು" ಅಂದರು. ಅಷ್ಟೇ.

ಆಮೇಲೆ ಅತ್ತೆಯ ಕಾರುಬಾರು. ಮಂಗಳವಾರ ಒಪ್ಪತ್ತು. ಮೀನು ತಂದರೆ ತೊಳೆದ ನೀರು ಪದವಿನ ಕಡೆ ಚೆಲ್ಲಬಾರದು. ಸಂಜೆ ಆದ ಮೇಲೆ ಮಗು ಅಂಗಳ ದಾಟಬಾರದು. ಇವರ ಅಂಗಡಿಯಲ್ಲಿ ಗುಳಿಗನದ್ದೇ ಮಾತು. ಯಾರದ್ದೋ ದನ ಹಳೇಕೋಣೆಯ ಗೋಡೆಗೆ ಮೈ ತಿಕ್ಕಿ ಮರುದಿನ ಸತ್ತಿತಂತೆ. ಯಾರೋ ಸಂಜೆ ಅಲ್ಲಿಂದ ಹಾದು ಹೋಗುವಾಗ ಒಳಗಿನಿಂದ ಗುಣುಗುಣು ಕೇಳಿತಂತೆ. ಕೆಲಸದವರು ಅಲ್ಲಿಗೆ ಕಾಲಿಡುವುದಿಲ್ಲ ಅಂದದ್ದರಿಂದ ಹೊಸ ಕಟ್ಟಡದ ಮಾತೂ ನಿಂತಿತು. ಪಕ್ಕದ ಊರಿನವರು ಜಾಗ ತೋರಿಸಿ ಹೈಸ್ಕೂಲು ಹೊಡೆದುಕೊಂಡರು.

"ನಿಮ್ಮ ಕನಸಿನಿಂದ ನನ್ನ ಮಗಳ ಹೈಸ್ಕೂಲು ಹೋಯ್ತು" ಅಂದರು ಇವರು ಮಾವನಿಗೆ.

ಮೇ ತಿಂಗಳ ಮೊದಲ ವಾರ ಒಂದು ಬೆಳಿಗ್ಗೆ ಮಾವ ವಾರಿಜಳನ್ನು ಕರೆದುಕೊಂಡು ಹೋದರು. ಗೇರುಬೀಜ ಹೆಕ್ಕಲಿಕ್ಕೆ ಅಂತ ಹೇಳಿದ್ದರು. ಬಂದಾಗ ಮಗುವಿನ ಬೆರಳು, ಲಂಗದ ಅಂಚು ಎಲ್ಲ ಹೊಯಿಗೆ.

"ಅಜ್ಜ ನನ್ನ ಹತ್ರ ಅ ಬರೆಸಿದ್ರು. ಅಲ್ಲೇ ಬಾವಿಯಿಂದ ನೀರು ಸೇದಿ ಕೊಟ್ಟರು" ಅಂದಳು. ಅತ್ತೆ ಅಕ್ಕಿ ಆರಿಸುತ್ತಿದ್ದವರು ಗೆರಸೆ ಕೆಳಗಿಟ್ಟರು. ಬೈಯಲಿಲ್ಲ. ಬೈದಿದ್ದರೆ ನನಗೆ ಸಮಾಧಾನ ಆಗುತ್ತಿತ್ತು.

ವಾರ ಕಳೆದ ಮೇಲೆ ಮಗುವಿಗೆ ಜ್ವರ. ಕಷಾಯಕ್ಕೆ ಇಳಿಯಲಿಲ್ಲ. ಗಂಜಿ ತಿಳಿ ಬಾಯಿಗೆ ಹಾಕಿದರೆ ಹೊರಗೆ. ನಾಲ್ಕನೇ ದಿನ ಮಧ್ಯಾಹ್ನ ಕಣ್ಣು ಮೇಲೆ ಮಾಡಿ ಏನೇನೋ ಬಡಬಡಿಸಿದಳು. ನಾನು ಒಂದು ಸೀರೆ, ಎರಡು ಬಟ್ಟೆ ಚೀಲಕ್ಕೆ ತುಂಬಿ, ಬಂಟ್ವಾಳದ ಡಾಕ್ಟರ ಹತ್ತಿರ ಹೋಗುವುದೇ ಅಂತ ಎದ್ದೆ. ಅತ್ತೆ ಹೊಸ್ತಿಲಲ್ಲಿ ಕೂತುಬಿಟ್ಟರು.

"ಮೊದಲು ಹರಕೆ. ಗುಳಿಗನ ಕಣ್ಣು ಬಿದ್ದ ಮಗುವನ್ನು ಹೊಳೆ ದಾಟಿಸಬಾರದು."

"ಅತ್ತೆ, ಏಳಿ. ಬಸ್ಸು ತಪ್ಪಿದ್ರೆ ಮತ್ತೆ ನಾಳೆಗೇ."

"ನಾನು ಹೆತ್ತವಳು, ನನಗೆ ಗೊತ್ತಿಲ್ವಾ?"

ಇವರು ನಡುವೆ ನಿಂತು ಆ ಕಡೆ ಈ ಕಡೆ ನೋಡುತ್ತಿದ್ದರು. ಆಗ ಮಾವ ಜಗಲಿಯಿಂದ ಒಳಗೆ ಬಂದರು.

"ಕಾವೇರಿ, ಅಲ್ಲಿ ಗುಳಿಗ ಇಲ್ಲ. ಕನಸೂ ಬೀಳಲಿಲ್ಲ. ಅದು ಉಪ್ಪಿನಕಾಯಿ ಭರಣಿಯ ಕಲ್ಲು. ನಾನೇ ಬೈರಾಸಿನಲ್ಲಿ ಸುತ್ತಿ ತೆಗೆದುಕೊಂಡು ಹೋಗಿ ಹುಗಿದದ್ದು. ಕೋಣೆ ಉಳೀಬೇಕು ಅಂತ ಮಾಡಿದೆ. ಪದ್ಮಾಕ್ಷಿಗೆ ಗೊತ್ತುಂಟು, ಕೇಳು."

"ಹೌದು" ಅಂದೆ ನಾನು. "ನನ್ನದೇ ಕಲ್ಲು."

ಇವರ ಮುಖದ ಬಿಗಿ ಬಿಟ್ಟಿತು. "ನಾನು ಮೊದಲೇ ಹೇಳಿದೆ ಅಲ್ವಾ" ಅಂದರು.

ಅತ್ತೆ ಅಲುಗಾಡಲಿಲ್ಲ. ಗಂಡನ ಮುಖವನ್ನೇ ನೋಡುತ್ತಾ ನಿಧಾನಕ್ಕೆ ಕೇಳಿದರು. "ಕಲ್ಲು ನೀವು ಇಟ್ಟದ್ದು ಸರಿ. ನಿಮ್ಮ ಕೈಯಲ್ಲಿ ಇಡಿಸಿದ್ದು ಯಾರು?"

"ಯಾರೂ ಇಲ್ಲ. ನಾನೇ."

"ಮೂವತ್ತು ವರ್ಷ ಮಕ್ಕಳಿಗೆ ಸುಳ್ಳು ಹೇಳಬಾರದು ಅಂತ ಹೊಡೆದವರು ನೀವು. ನಿಮಗೆ ಈ ಪ್ರಾಯದಲ್ಲಿ ಅಂಥ ಬುದ್ಧಿ ಎಲ್ಲಿಂದ ಬಂತು? ಊರಲ್ಲಿ ಅಷ್ಟು ಕಲ್ಲಿರುವಾಗ ನನ್ನ ಅತ್ತೆ ಹೊಳೆಯಿಂದ ತಂದ ಕಲ್ಲೇ ಯಾಕೆ ಬೇಕಾಯ್ತು?"

ಮಾವ ತಮ್ಮ ಕೈಯನ್ನೇ ತಿರುಗಿಸಿ ನೋಡಿಕೊಂಡರು. ನಾನು ಇವರ ಕಡೆ ನೋಡಿದೆ. ಬುರುಡೆ ಅಂತ ನಕ್ಕ ಮನುಷ್ಯ, ಮಗುವನ್ನು ನೋಡಿದರು, ತಾಯಿಯನ್ನು ನೋಡಿದರು, ಮೆಲ್ಲಗೆ ಹಿತ್ತಲಿನ ಕಡೆ ನಡೆದರು. ಹರಕೆಗೆ ಕೆಂಪು ಹುಂಜ ಹುಡುಕುವುದಕ್ಕೆ.

ನನ್ನ ತಲೆ ಕೆಟ್ಟಿತು. "ಹುಂಜ ನೀವು ಹಿಡೀರಿ, ಬಸ್ಸು ನಾನು ಹಿಡೀತೇನೆ" ಅಂತ ಹೇಳಿ, ಮಗುವನ್ನು ಹೆಗಲಿಗೆ ಹಾಕಿ, ಅತ್ತೆಯನ್ನು ದಾಟಿಯೇ ಹೊರಗೆ ಬಂದೆ. ಹಿರಿಯರನ್ನು ದಾಟುವುದು ತಪ್ಪು, ಗೊತ್ತುಂಟು. ಈಗಲೂ ಬೇಕಾದರೆ ದಾಟುತ್ತೇನೆ. ಚೀಲ ಹಿಡಿದು ಮಾವ ಹಿಂದೆ ಬಂದರು.

ಬಂಟ್ವಾಳದ ಡಾಕ್ಟರು ಟೈಫಾಯಿಡ್ ಅಂದರು. "ಎಲ್ಲಿಯ ನೀರು ಕುಡಿದದ್ದು?" ಅಂತ ಕೇಳಿದರು. ಬೇಸಗೆಯಲ್ಲಿ ತಳ ಕಂಡ ಶಾಲೆಯ ಬಾವಿಯದ್ದು, ಅಂದೆ. "ಇನ್ನೂ ತಡ ಮಾಡಿದ್ರೆ ನನ್ನ ಕೈಯಲ್ಲಿ ಇರ್ತಿರ್ಲಿಲ್ಲ" ಅಂದರು. ಮಾವ ಆಸ್ಪತ್ರೆಯ ಹೊರಗೆ ಮೆಟ್ಟಿಲಲ್ಲಿ ಕೂತು ಅತ್ತರು. ನಾನು ಸಮಾಧಾನ ಮಾಡಲಿಕ್ಕೆ ಹೋಗಲಿಲ್ಲ, ನನಗೆ ಅವರ ಮೇಲೆ ಅಷ್ಟು ಸಿಟ್ಟಿತ್ತು.

ಮಗು ಗುಣವಾಗಿ ಮನೆಗೆ ಬಂದಾಗ ಅತ್ತೆ ಆರತಿ ಎತ್ತಿ, "ಗುಳಿಗನಿಗೆ ಹುಂಜ ಮುಟ್ಟಿತು" ಅಂದರು. ಡಾಕ್ಟರ ಮಾತ್ರೆಯ ಹೆಸರು ಎತ್ತುವವರಿಲ್ಲ. ಊರಿಗೆಲ್ಲ ಸುದ್ದಿ ಹೋಗಿತ್ತು, ಹಳೇಕೋಣೆಗೆ ಕಾಲಿಟ್ಟ ಮಾಸ್ಟ್ರ ಮೊಮ್ಮಗಳು ಸತ್ತು ಬದುಕಿದಳು ಅಂತ. ಮಾವ ಅದೇ ಸಂಜೆ ಪದವಿಗೆ ಹೋಗಿ ಕಲ್ಲು ಕಿತ್ತು ತಂದು ನನ್ನ ಎದುರು ಇಟ್ಟರು.

"ತಕ್ಕೋ. ಮುಗೀತು."

ಮುಗಿಯಲಿಲ್ಲ. ಮರುದಿನ ಬೆಳಿಗ್ಗೆ ಹಾಲೆಮರದ ಬುಡದಲ್ಲಿ ಬೇರೆ ಕಲ್ಲು ಇತ್ತು, ನನ್ನದಕ್ಕಿಂತ ದೊಡ್ಡದು. ಅದಕ್ಕೂ ಹೂ. ನನ್ನ ಸಂಶಯ ಅತ್ತೆಯ ಮೇಲೆ. ಅವರು ದೀಪ ಮುಟ್ಟಿ ನಾನಲ್ಲ ಅಂದರು. ಇವರ ಹತ್ತಿರ ಕೇಳಿದರೆ, "ನನ್ನ ಹತ್ರ ಅದರ ಮಾತೆತ್ತಬೇಡ" ಅಂದರು. ಮೂಸಬ್ಬನ ಹತ್ತಿರವೂ ಮಾವ ವಿಚಾರಿಸಿದರು.

"ಯಾರಿಟ್ಟದ್ದು ಅಂತ ನನಗೆಂತ ಗೊತ್ತು ಮಾಸ್ಟ್ರೇ" ಅಂದರಂತೆ ಮೂಸಬ್ಬ. "ಮೊದಲನೆಯದ್ದನ್ನು ಇಟ್ಟವರ ಹತ್ರ ಕೇಳಿ."

ಮಾವ ಮತ್ತೆ ಆ ಮಾತು ಎತ್ತಲಿಲ್ಲ. ಊಟಕ್ಕೆ ಕರೆದರೆ ಬರುವರು, ತಟ್ಟೆ ಎದುರು ಕೂತು ಅನ್ನ ಕಲಸುತ್ತಲೇ ಇರುವರು. ನಡುವೆ ತಲೆ ಎತ್ತಿ ಪದವಿನ ಕಡೆ ಕಿವಿ ಕೊಡುವರು. ಒಂದು ದಿನ ನನ್ನ ಹತ್ತಿರ, "ಪದ್ಮಾಕ್ಷಿ, ಆ ದಿನ ನಾನು ಭರಣಿಯ ಕೋಣೆಗೆ ಯಾಕೆ ಹೋದೆ ಅಂತ ನೆನಪಾಗುವುದಿಲ್ಲ" ಅಂದರು. "ಕಲ್ಲು ಕದಿಯಲಿಕ್ಕೆ ಹೋದದ್ದು" ಅಂದೆ. "ಹೌದೌದು" ಅಂದರು, ನಂಬಿದ ಹಾಗೆ ಕಾಣಲಿಲ್ಲ.

ಜೂನಿನಲ್ಲಿ ಶಾಲೆ ಸುರುವಾಯಿತು. ಮೋಡ ಕಟ್ಟಿತ್ತು, ಮಳೆ ಇನ್ನೂ ಹಿಡಿದಿರಲಿಲ್ಲ. ಒಂದನೇ ಕ್ಲಾಸಿನ ಮಕ್ಕಳಿಗೆ ಉದ್ದ ಕಟ್ಟಡದ ಜಗಲಿಯಲ್ಲಿ ಚಾಪೆ ಹಾಕಿದ್ದರು. ನಾನೂ ಇವರೂ ವಾರಿಜಳನ್ನು ಬಿಡಲಿಕ್ಕೆ ಹೋದೆವು. ಹಳೇಕೋಣೆಯ ಬಾಗಿಲು ತೆರೆದಿತ್ತು. ಮಾವ ನಮಗಿಂತ ಮೊದಲೇ ಬಂದು, ಒಗೆದ ಪಂಚೆ ಉಟ್ಟು, ಹೊಸ ಹೊಯಿಗೆ ಹರಡಿ, ಹೊಸ್ತಿಲಲ್ಲಿ ನಿಂತು ಮಕ್ಕಳನ್ನು ಕರೆಯುತ್ತಿದ್ದರು.

"ಬನ್ನಿ ಮಕ್ಕಳೇ. ಹೆದರಿಕೆ ಎಂತದ್ದೂ ಇಲ್ಲ, ನಾನಿದ್ದೇನೆ. ವಾರಿಜಾ, ನೀನಾದ್ರೂ ಬಾ ಮಗಾ."

ಸ್ಲೇಟು ಎದೆಗೆ ಹಿಡಿದ ಮಕ್ಕಳು ದೂರ ನಿಂತು ನೋಡಿದವು, ಒಂದೂ ಹತ್ತಿರ ಹೋಗಲಿಲ್ಲ. ತಾಯಂದಿರು ಅವನ್ನು ತೋಳು ಹಿಡಿದು ಎಳೆದುಕೊಂಡು, ಆ ಕೋಣೆಯಿಂದ ದೂರ ಸುತ್ತು ಹಾಕಿ ಹೋದರು. ವಾರಿಜ ನನ್ನ ಸೆರಗಿನ ಹಿಂದೆ ಅಡಗಿದಳು. ಹೋಗು ಅನ್ನಬೇಕು ಅಂತ ನನಗೆ ಮನಸ್ಸಿತ್ತು. ನಾಲಗೆ ಏಳಲಿಲ್ಲ, ಆ ಜ್ವರವನ್ನು ಕಂಡ ಕಣ್ಣು ನನ್ನದು.

ಮಾವ ತಿರುಗಿ ಒಳಗೆ ಹೋಗಿ ಕೂತರು. ಬೆನ್ನು ನಮಗೆ ಕಾಣುತ್ತಿತ್ತು. ಅವರ ಎದುರಿಗೆ ಖಾಲಿ ನೆಲ. ಹಳೇ ದಿನಗಳ ದೊಡ್ಡ ದನಿಯಲ್ಲಿ ಪಾಠ ಸುರು ಮಾಡಿದರು.

"ಅ ಬರೆ. ಹಾಗಲ್ಲ, ಬಾಲ ಉದ್ದ ಆಯ್ತು. ಅಳಿಸು. ಹಾಂ, ಇನ್ನೊಮ್ಮೆ."

ಯಾರೋ ಬರೆಯುವಷ್ಟು ಹೊತ್ತು ಬಿಟ್ಟು, "ಈಗ ಸರಿಯಾಯ್ತು" ಅಂದರು.

"ಅಮ್ಮಾ, ಅಜ್ಜ ಯಾರಿಗೆ ಹೇಳಿಕೊಡುವುದು?" ಅಂತ ಕೇಳಿದಳು ವಾರಿಜ.

ಅಷ್ಟರಲ್ಲಿ ಇವರು ಬಗ್ಗಿ, ಮಗುವಿನ ಕಣ್ಣಿಗೆ ಕೈ ಅಡ್ಡ ಹಿಡಿದರು.

"ಆ ಕಡೆ ನೋಡಬೇಡ" ಅಂದರು. "ನಡಿ, ಹೋಗುವ."